ಬಲಿಪೀಠಕ್ಕೆ ಬೆನ್ನು ಮಾಡಿದ ಚೆಂಚಾ

ನಾರ್ನಿ, ಮಾರ್ಚ್ 4, 1683

ರೋಮಿನ ಶಿಲ್ಪಿ ತದ್ದೇಯೊ ಅವರಿಗೆ,

“ನೆರಳಿಗೆ ಹೆಸರಿಡಬೇಡ, ಸಂಜೆಯಾದರೆ ಅದು...” ನನ್ನ ಯಜಮಾನರು ಇದ್ದಾಗ ಆಗಾಗ ಹೇಳುತ್ತಿದ್ದ ಪದ್ಯದ ಸಾಲು. ಮುಂದಿನದು ಮರೆತುಹೋಗಿದೆ. ಸಂಜೆಯಾದರೆ ಅದು ಹೊರಟುಹೋಗುತ್ತದೆ ಎಂದಿತ್ತೋ, ಉಳಿದ ನೆರಳುಗಳ ಜೊತೆ ಸೇರಿಕೊಳ್ಳುತ್ತದೆ ಎಂದಿತ್ತೋ. ಈ ಚಳಿಗಾಲದಲ್ಲಿ ಅಮ್ಮ ತೀರಿಕೊಂಡ ಮೇಲೆ ಆ ಅರ್ಧ ಸಾಲು ನನ್ನನ್ನು ಬಿಡುತ್ತಿಲ್ಲ. ನಾನೂ ಅದರ ಜೊತೆ ಜಗಳ ಬಿಡುತ್ತಿಲ್ಲ. ಯಾಕೆ ಇಡಬಾರದು? ಸಂಜೆಯಾಗುತ್ತದೆ ಎಂದು ಗೊತ್ತಿರುವುದರಿಂದಲೇ ಅಲ್ಲವೇ ನಾವು ಹೆಸರಿಡುವುದು?

ನಾನು ನೋಟರಿ ಸಾಂತುಚ್ಚಿ ಅವರ ವಿಧವೆ, ಡಿಯಾನೋರಾ. ನಮ್ಮ ಕೇರಿಯ ಚರ್ಚಿನಲ್ಲಿ ಅಮ್ಮನ ಸ್ಮಾರಕಕ್ಕೆ ಒಂದು ಕಂಬ ಕೊಟ್ಟಿದ್ದಾರೆ. ಒಳಗೆ ಹೋಗುವಾಗ ಎಡಗಡೆಯ ಎರಡನೆಯದು. ಎದುರು ಕಂಬ ಕೌಂಟ್ ಮನೆತನದವರದು. ಅಲ್ಲಿ ರೆಕ್ಕೆಯ ಅಸ್ಥಿಪಂಜರವಿದೆ, ಕೈಯಲ್ಲಿ ಮರಳು ಗಡಿಯಾರ, ಮೇಲಿನಿಂದ ಇಳಿಬಿದ್ದ ಕೆಂಪು ಕಲ್ಲಿನ ಪರದೆ, ಪಕ್ಕದಲ್ಲಿ ಅಳುವ ಇಬ್ಬರು ಪುಟ್ಟ ದೇವದೂತರು. ಅಮ್ಮನಿಗೂ ಅಂಥದ್ದೇ ಬೇಕು. ಅವಳ ಎದೆಮಟ್ಟದ ಮೂರ್ತಿ ಇರಲಿ. ಕಣ್ಣು ತಗ್ಗಿರಲಿ, ಮುಖ ಬಲಿಪೀಠದ ಕಡೆಗೆ ತಿರುಗಿರಲಿ, ತಲೆಯ ಮೇಲೆ ಕಸೂತಿಯ ಸೆರಗಿರಲಿ. ಹೆಸರು ವಿಂಚೆಂಜಾ.

ಕಂಬದ ಅಳತೆ ಇಟ್ಟಿದ್ದೇನೆ. ಜೊತೆಗೆ ಪಕ್ಕದ ಅಮೇಲಿಯಾ ಊರಿನ ಒಣ ಅಂಜೂರ ಒಂದು ಬುಟ್ಟಿ.

ಡಿಯಾನೋರಾ


ರೋಮ್, ಮಾರ್ಚ್ 27

ಮಾನ್ಯ ಡಿಯಾನೋರಾ ಅಮ್ಮನವರಿಗೆ,

ನಾನು ತದ್ದೇಯೊ ಅವರ ಹೆಂಡತಿ ಪ್ಲಾಚಿದಾ. ಅವರ ಕೈ ಉಳಿಯ ಮೇಲಿರುವುದರಿಂದ ಲೇಖನಿ ನನ್ನ ಪಾಲಿಗೆ ಬಂದಿದೆ. ಅಂಜೂರಕ್ಕೆ ಇಬ್ಬರ ಕಡೆಯಿಂದಲೂ ವಂದನೆ. ಬುಟ್ಟಿಯ ಬಹುಪಾಲು ಅವರೇ ಮುಗಿಸಿ, ನಾನೇ ತಿಂದೆನೆಂದು ಆರೋಪ ಹೊರಿಸಿದರು.

ನಿಮ್ಮ ಕಂಬ ಸಪೂರವಾದದ್ದು. ರೆಕ್ಕೆ ಬಿಚ್ಚಿದ ಅಸ್ಥಿಪಂಜರವನ್ನು ಅದರ ಮೇಲೆ ಕೂರಿಸಿದರೆ ನಿಮ್ಮ ತಾಯಿಗೆ ಜಾಗವೇ ಉಳಿಯುವುದಿಲ್ಲ. ಜನ ಅದನ್ನು ಅಂದಕ್ಕೆ ಕೇಳುತ್ತಾರೆ, ಅದು ಏನು ಹೇಳುತ್ತಿದೆ ಎಂದು ಯೋಚಿಸುವುದಿಲ್ಲ. ಮೊನ್ನೆ ಒಬ್ಬ ಧನಿಕ ಬಂದಿದ್ದ. ನಕ್ಷೆ ನೋಡಿ, “ಎಲುಬಿನ ಗೂಡು ಸ್ವಲ್ಪ ಮೈಕೈ ತುಂಬ್ಕೊಂಡಿರ್ಲಿ ಮೇಸ್ತ್ರಿ, ನಮ್ಮ ವಂಶದಲ್ಲಿ ಸಣಕಲು ಅನ್ನೋರೇ ಇಲ್ಲ” ಅಂದ. “ಅದು ನಿಮ್ಮ ವಂಶ ಅಲ್ಲ ಸ್ವಾಮಿ, ಸಾವು” ಅಂದರು ಇವರು. “ಎಷ್ಟು ಜನರನ್ನ ತಿಂದ್ರೂ ಅದಕ್ಕೆ ಮೈಗೆ ಹತ್ತಲ್ಲ.”

ತದ್ದೇಯೊ ಕೇಳುತ್ತಾರೆ: ನಿಮ್ಮ ತಾಯಿಗೆ ಸಾವಿನ ಭಯವಿತ್ತೇ? ಇದ್ದರೆ ಅಸ್ಥಿಪಂಜರ ಇರಲಿ. ಇಲ್ಲದಿದ್ದರೆ ಒಬ್ಬನೇ ಒಬ್ಬ ಪುಟ್ಟ ದೇವದೂತ ಸಾಕು, ಕೈಯಲ್ಲಿ ತಲೆಕೆಳಗಾಗಿ ಹಿಡಿದ ಪಂಜು. ಜ್ವಾಲೆ ನೆಲಕ್ಕೆ ತಾಗಿದರೆ ಬದುಕು ಮುಗಿಯಿತೆಂದು ಅರ್ಥ. ನೋಡಿದವರಿಗೆ ಬೇರೆ ವಿವರಣೆ ಬೇಡ.

ಮನೆತನದ ಲಾಂಛನದ ನಕ್ಷೆಯನ್ನೂ ಕಳುಹಿಸಿ. ಮೂರ್ತಿಯ ಕೆಳಗೆ ಕೆತ್ತಬೇಕು.

ಪ್ಲಾಚಿದಾ


ನಾರ್ನಿ, ಏಪ್ರಿಲ್ 5

ಪ್ಲಾಚಿದಾ ಅವರಿಗೆ,

ಅಸ್ಥಿಪಂಜರ ಬೇಡವೆಂದರೆ ಬೇಡ. ನಮ್ಮ ಪಾದ್ರಿ ದೋನ್ ಎವಾಂಜೆಲಿಸ್ತಾ ಬೇರೊಂದು ಸಲಹೆ ಕೊಟ್ಟಿದ್ದಾರೆ: ತನ್ನ ಎದೆಯನ್ನು ತಾನೇ ಕುಕ್ಕಿ ಮರಿಗಳಿಗೆ ರಕ್ತ ಕುಡಿಸುವ ಪೆಲಿಕನ್ ಹಕ್ಕಿ. ತಾಯ್ತನಕ್ಕೆ ಅದಕ್ಕಿಂತ ಗೌರವದ ಚಿಹ್ನೆ ಇಲ್ಲವಂತೆ.

ಅಮ್ಮ ಗಂಭೀರಳು, ದೈವಭಕ್ತೆ, ಮಿತಭಾಷಿಣಿ. ನೀಳ ಮುಖ. ಲಾಂಛನದ ವಿಷಯ ಆಮೇಲೆ ಬರೆಯುತ್ತೇನೆ.

ಪತ್ರಕ್ಕೆ ಉತ್ತರ ಕೊಡುವಷ್ಟು ಪುರಸೊತ್ತು ಶಿಲ್ಪಿಗಳಿಗಿಲ್ಲ ಎಂದು ತಿಳಿಯಿತು. ಮೂರ್ತಿಗಾದರೂ ಇದ್ದರೆ ಸಂತೋಷ.

ಡಿಯಾನೋರಾ


ರೋಮ್, ಏಪ್ರಿಲ್ 22

ಮಾನ್ಯ ಅಮ್ಮನವರಿಗೆ,

ನಿಮಗೆ ಬೇಸರವಾಗಿದೆ. ಕ್ಷಮಿಸಿ. ಇವರಿಗೆ ಕೆಮ್ಮು, ಎದೆನೋವು. ಹಾಗಿದ್ದೂ ನಿಮ್ಮ ಪತ್ರವನ್ನು ಎರಡು ಸಲ ಓದಿಸಿಕೊಂಡರು. ಓದಿಸಿಕೊಂಡು, “ಈ ಹೆಂಗಸನ್ನ ನಾನು ಆಗಲೇ ಹತ್ತು ಸಲ ಕೆತ್ತಿದೀನಲ್ಲೇ” ಅಂದರು. ಗಂಭೀರಳು, ಭಕ್ತೆ, ನೀಳ ಮುಖ. ರೋಮಿನ ಗೋಡೆಗಳ ತುಂಬ ಅವಳೇ ಇದ್ದಾಳೆ. ಮದುವೆಯಾದದ್ದು ಮಾತ್ರ ಬೇರೆ ಬೇರೆ ಗಂಡಸರನ್ನು.

ನೀವು ಹೇಳಿದಂತೆಯೇ ಕೆತ್ತುತ್ತೇವೆ. ಕಲ್ಲು ಎದುರು ಮಾತಾಡುವುದಿಲ್ಲ. ಆದರೆ ಒಂದೇ ಒಂದು ಪ್ರಶ್ನೆಗೆ ಉತ್ತರ ಕೊಡಿ. ಇದು ತದ್ದೇಯೊ ಪ್ರತಿಯೊಬ್ಬರನ್ನೂ ಕೇಳುವ ಪ್ರಶ್ನೆ: ಅವರ ಕೈಗಳು ಹೇಗಿದ್ದವು?

ಪ್ಲಾಚಿದಾ


ನಾರ್ನಿ, ಜೂನ್ 30

ಪ್ಲಾಚಿದಾ ಅವರಿಗೆ,

ಎರಡು ತಿಂಗಳು ಸುಮ್ಮನಿದ್ದೆ. ನಿಮ್ಮ ಪ್ರಶ್ನೆಯ ಮೇಲೆ ಸಿಟ್ಟು ಬಂದಿತ್ತು, ಯಾಕೆಂದರೆ ಉತ್ತರ ತಕ್ಷಣ ಗೊತ್ತಾಗಿತ್ತು.

ಅವಳ ಕೈ ಯಾವಾಗಲೂ ಒದ್ದೆ. ಬೂದಿನೀರಲ್ಲಿ ಬಟ್ಟೆ ಒಗೆದು ಬೆರಳ ತುದಿಗಳು ಬೆಂದ ಹಾಗೆ ಸುಕ್ಕುಗಟ್ಟಿರುತ್ತಿದ್ದವು. ಮಕ್ಕಳನ್ನು ಮುಟ್ಟುವ ಮೊದಲು ತೊಡೆಗೆ ಒರೆಸಿಕೊಂಡು, ಬಾಯಿಂದ ಊದಿ ಬೆಚ್ಚಗೆ ಮಾಡಿಕೊಳ್ಳುತ್ತಿದ್ದಳು.

ಲಾಂಛನ ಕಳುಹಿಸಲಿಲ್ಲ, ಏಕೆಂದರೆ ಇಲ್ಲ. ವಿಂಚೆಂಜಾ ಎಂದು ಅವಳನ್ನು ಕರೆದದ್ದು ಜ್ಞಾನಸ್ನಾನ ಮಾಡಿಸಿದ ಪಾದ್ರಿ ಮಾತ್ರ. ಊರಿಗೆಲ್ಲ ಅವಳು ಚೆಂಚಾ. ಅನಾಥಾಲಯದ ಹಾಲುತಾಯಿ. ಅಲ್ಲಿ ಗೋಡೆಯೊಳಗೆ ತಿರುಗುವ ಮರದ ಪೀಪಾಯಿ ಇದೆ. ಹೊರಗಿನಿಂದ ಕೂಸನ್ನಿಟ್ಟು ತಿರುಗಿಸಿ ಗಂಟೆ ಹೊಡೆದರೆ ಒಳಗಿನವರು ಎತ್ತಿಕೊಳ್ಳುತ್ತಾರೆ. ನಾನು ಬಂದದ್ದು ಆ ದಾರಿಯಿಂದ. ತನ್ನ ಕೂಸನ್ನು ಮಣ್ಣುಮಾಡಿ ಬಂದಿದ್ದ ಚೆಂಚಾ ನನ್ನನ್ನು ಎತ್ತಿಕೊಂಡಳು. ಹಾಲು ಬಿಡಿಸಿದ ಮೇಲೆ ಹಿಂದಕ್ಕೆ ಕೊಡಬೇಕಾಗಿತ್ತು, ಕೊಡಲಿಲ್ಲ. “ಎಲ್ಲೋ ಕಳ್ಕೊಂಡ್ಬಿಟ್ಟೆ ಸ್ವಾಮಿ” ಅಂದಳಂತೆ, ನನ್ನನ್ನು ಸೊಂಟದ ಮೇಲೆ ಕೂರಿಸಿಕೊಂಡೇ. ಮೇಲ್ವಿಚಾರಕರು ನಕ್ಕುಬಿಟ್ಟರಂತೆ.

ಮಿತಭಾಷಿಣಿ ಎಂದು ಬರೆದಿದ್ದೆ. ಅವಳ ಬಾಯಿಗೆ ಇಡೀ ಬೀದಿ ಹೆದರುತ್ತಿತ್ತು. ಮುಖ ಗುಂಡಗಿತ್ತು, ಮುಂದಿನ ಎರಡು ಹಲ್ಲುಗಳ ನಡುವೆ ಸಂದು, ಅದರೊಳಗಿಂದ ಸಿಳ್ಳೆ ಹಾಕುತ್ತಿದ್ದಳು. ಸಾವಿನ ಭಯ ಇರಲಿಲ್ಲ. ಕೊನೆಯ ದಿನ ನನ್ನನ್ನು ನೋಡಿ, “ಅಳ್ಬೇಡ್ವೇ, ಮುಖ ಊದ್ಕೊಂಡ್ರೆ ನೀನು ನಿನ್ನ ಅತ್ತೆ ಥರಾ ಕಾಣ್ತೀಯ” ಅಂದಳು.

ಪೆಲಿಕನ್ ಬೇಡ. ಅವಳು ಎದೆ ಸೀಳಿಕೊಂಡು ರಕ್ತ ಕೊಡಲಿಲ್ಲ. ನಗುನಗುತ್ತ ಹಾಲು ಕೊಟ್ಟಳು. ಇವತ್ತು ನನಗೊಂದು ಮನೆ, ಓದು ಬರಹ, ಪದ್ಯ ನೆನೆಯುವ ಪುರಸೊತ್ತು, ಎಲ್ಲ ಇದೆ. ಅದೆಲ್ಲಕ್ಕೂ ಬುಡದಲ್ಲಿ ಆ ಒದ್ದೆ ಕೈ ಇದೆ. ಆ ಕೈ ಕಲ್ಲಿನಲ್ಲಿ ಉಳಿಯಬೇಕು. ಇಷ್ಟೇ ನನ್ನ ಬೇಡಿಕೆ. ಇದನ್ನು ಮೊದಲ ಪತ್ರದಲ್ಲೇ ಹೇಳಬಹುದಾಗಿತ್ತು.

ಡಿಯಾನೋರಾ


ರೋಮ್, ಜುಲೈ 19

ಪ್ರಿಯ ಡಿಯಾನೋರಾ ಅವರೇ,

ನಿಮ್ಮ ಪತ್ರ ಬಂದ ದಿನ ನಾನು ಕಾರ್ಯಾಗಾರದ ಬಾಗಿಲು ಮುಚ್ಚಿ ಕೂತಿದ್ದೆ. ಚೆಂಚಾ ನನ್ನ ಕೈಯಿಂದ ಬಾಗಿಲು ತೆಗೆಸಿದಳು. ಯಾಕೆ ಎಂದು ಈಗ ಕೇಳಬೇಡಿ. ಅವಳಿಗೂ ನಿಮಗೂ ನಾನು ಋಣಿ, ಅಷ್ಟು ಸಾಕು.

ಹೊಸ ನಕ್ಷೆ ಇಟ್ಟಿದ್ದೇನೆ, ಕೆಂಪು ಬಳಪದ್ದು. ಗುಂಡು ಮುಖ, ತುಟಿ ಸ್ವಲ್ಪ ತೆರೆದಿದೆ, ಸಂದು ಕಾಣುವಷ್ಟು. ಕಸೂತಿ ಇಲ್ಲ, ಒಗೆದು ಸವೆದ ಬಟ್ಟೆ. ನೀವು ಹೇಳಿದಂತೆ ಮುಖ ಬಲಿಪೀಠದ ಕಡೆಗಿದೆ. ಹೆಗಲಿಗೆ ಒಂದು ಕೂಸು ಒರಗಿ ನಿದ್ದೆ ಹೋಗಿದೆ. ತಲೆಕೆಳಗಾದ ಪಂಜನ್ನು ತೆಗೆದುಹಾಕಿದೆ, ಹಾಲು ಕುಡಿದು ಮಲಗಿದ ಮಗುವಿನ ಕೈಗೆ ಅದನ್ನು ಕೊಡಲು ಮನಸ್ಸು ಬರಲಿಲ್ಲ. ರೆಕ್ಕೆಗಳನ್ನೂ ತೆಗೆದುಬಿಟ್ಟೆ. ಇದು ದೇವದೂತನಲ್ಲ, ಮಗು. ಸತ್ತವರ ಮೂರ್ತಿಯ ಹೆಗಲಿಗೆ ರೆಕ್ಕೆಯಿಲ್ಲದ ಕೂಸನ್ನು ಒರಗಿಸಿದ್ದನ್ನು ನಾನು ಈವರೆಗೆ ಕಂಡಿಲ್ಲ.

ಕೂಸನ್ನು ಹಿಡಿದ ಕೈ ಮಾತ್ರ ಕಾಗದದಲ್ಲಿ ಬರುತ್ತಿಲ್ಲ. ಅದನ್ನು ಕಲ್ಲಿನಲ್ಲೇ ಹುಡುಕಬೇಕು.

ಪ್ಲಾಚಿದಾ


ನಾರ್ನಿ, ಆಗಸ್ಟ್ 8

ಪ್ರಿಯ ಪ್ಲಾಚಿದಾ,

ನಕ್ಷೆ ಬಿಚ್ಚಿದ ತಕ್ಷಣ ಮೇಜಿನ ಮೇಲೆ ಮಗುಚಿಟ್ಟೆ. ಹೆಚ್ಚು ಹೊತ್ತು ಅವಳನ್ನು ನೋಡಲಾಗಲಿಲ್ಲ.

ದೋನ್ ಎವಾಂಜೆಲಿಸ್ತಾರಿಗೆ ತೋರಿಸಿದೆ. ಕನ್ನಡಕ ಏರಿಸಿ, “ಇದರ ರೆಕ್ಕೆ ಎಲ್ಲಮ್ಮ?” ಅಂದರು.

“ಇನ್ನೂ ಮೊಳೆತಿಲ್ಲ ಪಾದ್ರಿಗಳೇ.”

“ತಮಾಷೆ ಬೇಡ. ರೆಕ್ಕೆ ಇಲ್ದೇ ಇದು ಸ್ವರ್ಗಕ್ಕೆ ಹೇಗೆ ಹೋಗುತ್ತೆ?”

“ಹೋಗೋದು ಬೇಡ. ಅದು ಈಗ ತಾನೆ ನಿದ್ದೆ ಮಾಡಿದೆ, ಎಬ್ಬಿಸ್ಬೇಡಿ.”

ಗೊಣಗಿದರು. ಕೊನೆಗೆ, “ಮುಖ ಬಲಿಪೀಠದ ಕಡೆ ಇದೆಯಲ್ಲ, ಅದು ಮುಖ್ಯ” ಎಂದು ನಕ್ಷೆಯ ಮೂಲೆಯಲ್ಲಿ ಸಹಿ ಹಾಕಿದರು.

ಒಂದು ಮಾತು. ನಿಮ್ಮ ಕೊನೆಯ ಪತ್ರದಲ್ಲಿ ತದ್ದೇಯೊ ಅವರ ಒಂದು ಮಾತೂ ಇರಲಿಲ್ಲ. ನಾನು ಅನಾಥಾಲಯದವಳೆಂದು ತಿಳಿದ ಮೇಲೆ ಅವರಿಗೆ ಈ ಕೆಲಸ ಸಣ್ಣದೆನಿಸಿತೇ? ಹಾಗಿದ್ದರೆ ಹೇಳಿಬಿಡಿ. ಇಂಥದ್ದು ನನಗೆ ರೂಢಿಯಿದೆ.

ನಿಮ್ಮ, ಡಿಯಾನೋರಾ


ರೋಮ್, ಅಕ್ಟೋಬರ್ 21

ಪ್ರಿಯ ಡಿಯಾನೋರಾ,

ಹಾಗೆ ಎಂದೂ ತಿಳಿಯಬೇಡಿ. ಈ ಕೆಲಸಕ್ಕಿಂತ ದೊಡ್ಡದು ನಮ್ಮ ಅಂಗಡಿಗೆ ಬಂದಿಲ್ಲ. ಮೂರ್ತಿ ಇವತ್ತು ರಿಪೆತ್ತಾ ದಕ್ಕೆಯಿಂದ ದೋಣಿ ಹತ್ತಿತು. ದಡದ ಮೇಲಿನ ಎಮ್ಮೆಗಳು ಅದನ್ನು ಹೊಳೆಯಲ್ಲಿ ಮೇಲಕ್ಕೆ, ಓರ್ತೆ ಊರಿನವರೆಗೆ ಎಳೆಯುತ್ತವೆ, ಅಲ್ಲಿಂದ ನಿಮ್ಮ ಗಾಡಿ. ಹುಲ್ಲಿನಲ್ಲಿ ಸುತ್ತಿದ್ದೇನೆ. ಕೈ ಸಿಕ್ಕಿತು.

ಪ್ಲಾಚಿದಾ


ನಾರ್ನಿ, ನವೆಂಬರ್ 6

ಪ್ಲಾಚಿದಾ,

ಪೆಟ್ಟಿಗೆಯನ್ನು ಚರ್ಚಿನೊಳಗೇ ಬಿಚ್ಚಿದೆವು. ಮೊದಲು ಕೈಯನ್ನು ಮುಟ್ಟಿ ನೋಡಿದೆ. ಊದಿ ಬೆಚ್ಚಗೆ ಮಾಡಿಕೊಂಡ ಕೈ ಅದು. ಬೆರಳ ಸುಕ್ಕುಗಳ ನಡುವೆ ನೀರಿದೆಯೇನೋ ಎನ್ನಿಸುತ್ತದೆ.

ಆಮೇಲೆ ಗಾರೆಯವರು ಎತ್ತಿ ಕಂಬಕ್ಕೆ ಹಿಡಿದರು. ಅವಳ ಎಡಕ್ಕೆ ತಿರುಗಬೇಕಾಗಿದ್ದ ಮುಖ ಬಲಕ್ಕೆ ತಿರುಗಿದೆ. ಬಲಿಪೀಠ ಅವಳ ಬೆನ್ನಿಗೆ ಬಂತು, ನೋಟ ನೇರ ಬಾಗಿಲಿಗೆ.

ದೋನ್ ಎವಾಂಜೆಲಿಸ್ತಾ ಕೆಂಪಾದರು. “ದೇವರಿಗೆ ಬೆನ್ನು ಮಾಡ್ಕೊಂಡು ಕೂತಿರೋ ಹೆಣವನ್ನ ನಾನು ಕಂಬಕ್ಕೆ ಏರಿಸಲ್ಲ. ಇಳಿಸ್ರೋ!” ಎದುರು ಕಂಬಕ್ಕೆ ಹಾಕಿದರೆ ಸರಿಹೋಗುತ್ತದೆ, ಆದರೆ ಅದು ಕೌಂಟ್ ಮನೆತನದವರದು. ಮೂರ್ತಿಯನ್ನು ಗಾಡಿಯಲ್ಲಿ ಮನೆಗೆ ತಂದೆ. ಹಾಲುಕೊಟ್ಟ ಹೆಂಗಸಿಗೆ ಚರ್ಚಿನಲ್ಲಿ ಜಾಗ ಕೇಳಿದ್ದೇ ಹೆಚ್ಚಾಯಿತೆಂದು ಬೀದಿಯಲ್ಲಿ ಯಾರೋ ಅಂದದ್ದು ಕಿವಿಗೆ ಬಿತ್ತು.

ನಾನು ಕಳುಹಿಸಿದ ಅಳತೆ ಸರಿಯಿತ್ತು. ನಕ್ಷೆಯೂ ಸರಿಯಿತ್ತು, ನನ್ನ ಮುಂದೆಯೇ ಇದೆ. ಇಷ್ಟು ದೊಡ್ಡ ಶಿಲ್ಪಿಗೆ ಎಡಬಲ ತಿಳಿಯದೆ ಹೋಯಿತೇ? ಪಾದ್ರಿಗಳು ಆ ಕಂಬವನ್ನು ಬೇರೆಯವರಿಗೆ ಕೊಟ್ಟುಬಿಟ್ಟರೆ ಅಮ್ಮನಿಗೆ ಮತ್ತೊಂದು ಸಿಗುವುದಿಲ್ಲ.

ಡಿಯಾನೋರಾ


ರೋಮ್, ನವೆಂಬರ್ 17

ಡಿಯಾನೋರಾ,

ಶಿಲ್ಪಿಯದು ತಪ್ಪಲ್ಲ. ತದ್ದೇಯೊ ಮೇ ತಿಂಗಳಲ್ಲೇ ಹೊರಟುಹೋದರು. ಆ ಕೆಮ್ಮು ಇಳಿಯಲಿಲ್ಲ.

ನಿಮ್ಮ ಚೆಂಚಾಳನ್ನು ಕೆತ್ತಿದವಳು ನಾನು. ನಮ್ಮಪ್ಪನೂ ಕಲ್ಲಿನವರೇ, ಮದುವೆಗೆ ಮುಂಚಿನಿಂದ ಉಳಿ ಹಿಡಿದಿದ್ದೇನೆ. ಬಟ್ಟೆಯ ಮಡಿಕೆ, ಕೂದಲು, ಕೈಗಳು ನನ್ನ ಪಾಲಿನವು, ಮುಖ ಅವರದು. ಈ ಸಲ ಎರಡೂ ನನ್ನ ಪಾಲಿಗೆ ಬಂತು. ಅವರಿಲ್ಲವೆಂದು ಬರೆದರೆ ಕೆಲಸ ಹಿಂದಕ್ಕೆ ಹೋಗುತ್ತದೆಂದು ಹೆದರಿದೆ. ಬೇರೆ ಮೂರು ಮನೆಯವರು ಹಾಗೆಯೇ ಮಾಡಿದರು. ನೀವು ಮಾಡುತ್ತಿರಲಿಲ್ಲವೇನೋ, ಆದರೆ ಕೇಳುವ ಧೈರ್ಯ ಬರಲಿಲ್ಲ.

ತಪ್ಪು ಹೇಗಾಯಿತೆಂದರೆ: ನಕ್ಷೆ ಕಳುಹಿಸುವ ಮೊದಲು ಅದರ ಮೇಲೆ ಒದ್ದೆ ಕಾಗದ ಒತ್ತಿ ನಮಗೊಂದು ಪ್ರತಿ ತೆಗೆದುಕೊಳ್ಳುತ್ತೇವೆ. ಬಳಪದ ಪುಡಿ ಅದಕ್ಕೆ ಅಂಟಿಕೊಳ್ಳುತ್ತದೆ, ಚಿತ್ರ ಕನ್ನಡಿಯಲ್ಲಿ ಕಂಡಂತೆ ತಿರುಗಿ ಮೂಡುತ್ತದೆ. ತದ್ದೇಯೊ ಆ ಪ್ರತಿಯನ್ನು ಕನ್ನಡಿಯ ಎದುರು ತೂಗುಹಾಕಿ, ಕನ್ನಡಿಯನ್ನು ನೋಡಿ ಕೆತ್ತುತ್ತಿದ್ದರು. ಅವರು ತೀರಿಕೊಂಡ ದಿನ ಮನೆಯ ಕನ್ನಡಿಗಳಿಗೆಲ್ಲ ಬಟ್ಟೆ ಮುಚ್ಚಿದ್ದೆ. ಕಾರ್ಯಾಗಾರದ್ದನ್ನು ತೆಗೆಯಲು ಮನಸ್ಸಾಗಿರಲಿಲ್ಲ. ಪ್ರತಿಯನ್ನೇ ನೋಡಿ ಕೆತ್ತಿದೆ. ಒಂದು ದಿನವೂ ಅನುಮಾನ ಬರಲಿಲ್ಲ, ಅವಳು ಅಷ್ಟು ಸಲೀಸಾಗಿ ಕಲ್ಲಿನಿಂದ ಹೊರಗೆ ಬಂದಳು.

ಮೂರ್ತಿಯನ್ನು ವಾಪಸು ಕಳುಹಿಸಿ. ಹೊಸದನ್ನು ಕೆತ್ತಿಕೊಡುತ್ತೇನೆ. ಪಾದ್ರಿಗಳಿಗೆ ಈಸ್ಟರ್ ತನಕ ಕಾಯಲು ಹೇಳಿ. ಆ ಕೈ ಎರಡನೆಯ ಸಲ ಹಾಗೇ ಬರುತ್ತದೆಂದು ಮಾತು ಕೊಡಲಾರೆ. ಉಳಿದದ್ದಕ್ಕೆ ಮಾತು ಕೊಡುತ್ತೇನೆ.

ಪ್ಲಾಚಿದಾ


ನಾರ್ನಿ, ಜನವರಿ 9, 1684

ಪ್ಲಾಚಿದಾ ಅಕ್ಕ,

ನಿಮ್ಮ ಪತ್ರ ಓದಿ ಮೊದಲು ಮಾಡಿದ ಕೆಲಸ, ತದ್ದೇಯೊ ಅವರ ಹೆಸರಿನಲ್ಲಿ ಪೂಜೆ ಹೇಳಿಸಿದ್ದು. ನನಗೊಬ್ಬಳಿಗೇ ದುಃಖವೆಂದುಕೊಂಡು ನಿಮಗೆ ಬಿರುಸಾಗಿ ಬರೆಯುತ್ತಾ ಹೋದೆ. ಮುಚ್ಚಿದ ಕನ್ನಡಿಯ ಪಕ್ಕ ಕೂತು ನನ್ನ ಅಮ್ಮನನ್ನು ಕೆತ್ತಿದಿರಿ.

ಮೂರ್ತಿ ಕಳುಹಿಸುವುದಿಲ್ಲ. ಕಾರಣ ಕೇಳಿ.

ಎಣ್ಣೆ ಜಾಡಿಗಳ ಕೋಣೆಯಲ್ಲಿ ಅವಳನ್ನು ಇರಿಸಿದ್ದೆ. ಪಕ್ಕದ ಮನೆಯ ಸಾಬತಿನಾ ನೋಡಬೇಕೆಂದು ಬಂದಳು. ಬೋಟಿ ಮಾರುವವಳು; ಬಟ್ಟೆಯಲ್ಲಿ ಆ ವಾಸನೆ ಯಾವಾಗಲೂ ಇರುವುದರಿಂದ ಚರ್ಚಿನಲ್ಲಿ ಪಕ್ಕ ಕೂತವರು ಜರುಗುತ್ತಾರೆ, ಇವಳು ಹಿಂದೆಯೇ ನಿಲ್ಲುತ್ತಾಳೆ. ಬಾಗಿಲು ತಳ್ಳಿ, ಒಂದು ಹೆಜ್ಜೆ ಇಟ್ಟು, ಜೋರಾಗಿ ನಕ್ಕಳು. “ಅಯ್ಯೋ ನಮ್ಮವ್ವ! ಹಾಳು ಚಾಳಿ ಸತ್ರೂ ಬಿಟ್ಟಿಲ್ಲ ಇವಳು!”

ಆಗ ನೆನಪಾಯಿತು. ಇದನ್ನು ನಿಮಗೆ ಬರೆದಿರಲಿಲ್ಲ, ಸ್ಮಾರಕಕ್ಕೆ ಸಲ್ಲದ ಸಂಗತಿ ಎಂದುಕೊಂಡಿದ್ದೆ. ಚೆಂಚಾ ಚರ್ಚಿನಲ್ಲಿ ಒಂದು ದಿನವೂ ನೆಟ್ಟಗೆ ಮುಂದೆ ನೋಡಿ ಕೂತವಳಲ್ಲ. ಬಾಗಿಲು ಕಿರ್ರೆಂದರೆ ಸಾಕು, ತಲೆ ತಿರುಗುತ್ತಿತ್ತು. ಜೀವನವಿಡೀ ಆ ಪೀಪಾಯಿಯ ಗಂಟೆಗೆ ಕಿವಿಗೊಟ್ಟವಳು. ಸದ್ದಾದರೆ ಯಾರೋ ಬಂದರು, ಬಂದವರಿಗೆ ಹಸಿವು ಎಂಬುದೇ ಅವಳ ಲೆಕ್ಕ. ಒಮ್ಮೆ ದೋನ್ ಎವಾಂಜೆಲಿಸ್ತಾ ಪ್ರವಚನದ ನಡುವೆಯೇ ಗದರಿದ್ದರು: “ಚೆಂಚಾ, ದೇವರು ಮುಂದಿದ್ದಾನೆ, ಹಿಂದಲ್ಲ.” ಇವಳು ಕೂತಲ್ಲಿಂದಲೇ, “ಬರೋರು ಹಿಂದಿಂದ ತಾನೆ ಸ್ವಾಮಿ ಬರೋದು?” ಅಂದಿದ್ದಳು.

ನೀವು ಅವಳನ್ನು ಕಂಡವರಲ್ಲ. ನಾನು ಹೇಳಿದವಳೂ ಅಲ್ಲ. ಆದರೂ ತಪ್ಪು ಅವಳನ್ನು ಸರಿಯಾಗಿ ಹುಡುಕಿಕೊಂಡಿತು.

ಪಾದ್ರಿಗಳ ಬಳಿ ಹೋದೆ. “ಎದುರು ಕಂಬದ ಎಲುಬಿನ ಗೂಡು ಯಾವ ಕಡೆ ನೋಡ್ತಿದೆ ಪಾದ್ರಿಗಳೇ?”

“ಬಾಗಿಲ ಕಡೆ. ಅದು ಸಾವು. ಬರೋರನ್ನ ಎಚ್ಚರಿಸ್ಬೇಕಲ್ಲ.”

“ಸಾವಿಗೆ ಬಾಗಿಲು ನೋಡೋ ಹಕ್ಕಿದೆ. ಹಾಲು ಕೊಟ್ಟವಳಿಗಿಲ್ವಾ?”

“ಅದು ಚಿಹ್ನೆ ಕಣಮ್ಮ. ಚಿಹ್ನೆ ಎಲ್ಲಿ ಬೇಕಾದ್ರೂ ನೋಡ್ಬಹುದು. ಮನುಷ್ಯರು ದೇವರ ಕಡೆ ನೋಡ್ಬೇಕು.” ಹಾಗೆಂದವರು ಸ್ವಲ್ಪ ಹೊತ್ತು ಗಡ್ಡ ಕೆರೆದುಕೊಂಡರು. ಅವರು ಕೆಟ್ಟವರಲ್ಲ, ಚೆಂಚಾಳ ಕೊನೆಯ ಗಳಿಗೆಯಲ್ಲಿ ಬೆಳಗಿನವರೆಗೂ ಕೂತಿದ್ದವರು.

ಮರುದಿನ ಅವರೇ ಮೆಟ್ಟಿಲೇರಿ ಬಂದರು, ಏದುಸಿರು ಬಿಡುತ್ತಾ. “ಒಂದು ದಾರಿ ಇದೆ. ಅವಳನ್ನ ಚೆಂಚಾ ಅನ್ನೋದು ಬೇಡ. ಕರುಣೆ ಅನ್ನೋಣ. ಹೆಗಲ ಮೇಲೆ ಕೂಸಿರೋ ಹೆಂಗಸು ಅಂದ್ರೆ ಕರುಣೆಯ ಚಿಹ್ನೆ, ಎಲ್ಲರೂ ಒಪ್ಪಿರೋದೇ. ಕರುಣೆ ಬಾಗಿಲ ಕಡೆ ನೋಡಿದ್ರೆ ಬಿಷಪ್ಪರೂ ಏನೂ ಅನ್ನೋ ಹಾಗಿಲ್ಲ. ಆದ್ರೆ...”

“ಆದ್ರೆ?”

“ಹೆಸರು ಕೆತ್ತೋ ಹಾಗಿಲ್ಲ. ಕರುಣೆಗೆ ಊರು ಕೇರಿ ಅಪ್ಪ ಅಮ್ಮ ಇರಲ್ವಲ್ಲ. ಹೆಸರೇ ಬೇಕು ಅಂದ್ರೆ ನೆಲದಲ್ಲಿ ಒಂದು ಚಪ್ಪಡಿ ಕೊಡ್ತೀನಿ, ವಿಂಚೆಂಜಾ ಅಂತ ಕೆತ್ತಿಸು. ಮುಖ ಇರಲ್ಲ. ಮುಖ ಬೇಕೋ, ಹೆಸರು ಬೇಕೋ, ಯೋಚ್ನೆ ಮಾಡು.”

ವಾರವಿಡೀ ಯೋಚಿಸಿದೆ. ಹೆಸರಿಡಬೇಕೆಂದೇ ಹೊರಟವಳು ನಾನು. ಆದರೆ ಹೆಸರನ್ನು ಯಾರು ಬೇಕಾದರೂ ಕೊಡಬಹುದು. ನನಗೂ ಅನಾಥಾಲಯದ ಗುಮಾಸ್ತನೊಬ್ಬ, ತನ್ನ ಅಜ್ಜಿಯದೋ ಯಾರದೋ, ಬಾಯಿಗೆ ಬಂದದ್ದನ್ನು ಕೊಟ್ಟ. ಮುಖ ಕೊಟ್ಟವಳು ಅವಳೊಬ್ಬಳೇ. ಕಣ್ಣು ಬಿಟ್ಟಾಗ ನನ್ನ ಮೇಲೆ ಬಾಗಿದ್ದದ್ದು ಆ ಮುಖ. ಊರಿನ ಅರ್ಧ ಜನ ಅದರ ಕೆಳಗೆ ಕಣ್ಣು ಬಿಟ್ಟವರು. ನಮ್ಮ ಬೀದಿಯಲ್ಲಿ ಆ ಮುಖದ ಕೆಳಗೆ ಹೆಸರು ಬರೆಯುವುದೆಂದರೆ ಬಾವಿಯ ಕಟ್ಟೆಯ ಮೇಲೆ ‘ನೀರು’ ಎಂದು ಬರೆದ ಹಾಗೆ.

ನಮ್ಮ ಕಾಲ ಮುಗಿದ ಮೇಲೆ? ಆಮೇಲೆ ಬರುವವರಿಗೆ ಅವಳು ಕರುಣೆ ಮಾತ್ರ. ಅದನ್ನು ನೆನೆದರೆ ಸಂಕಟವಾಗುತ್ತದೆ. ಆದರೂ ಮುಖ ಇರಲಿ ಎಂದು ಹೇಳಿಬಂದೆ.

ನಿಮ್ಮ ತಂಗಿ, ಡಿಯಾನೋರಾ


ರೋಮ್, ಜನವರಿ 23

ತಂಗಿ ಡಿಯಾನೋರಾ,

ಅಕ್ಕ ಎಂದು ಕರೆದಿದ್ದೀರಿ. ಅದನ್ನು ತದ್ದೇಯೊಗೆ ಗಟ್ಟಿಯಾಗಿ ಓದಿ ಹೇಳಿದೆ. ಅವರು ಕೇಳಿಸಿಕೊಳ್ಳುತ್ತಾರೆಂಬ ಭ್ರಮೆ ನನಗಿಲ್ಲ. ಓದುವುದು ನನಗೆ ಬೇಕಾಗಿತ್ತು.

ಸಂಕಟಪಡಬೇಡಿ. ದಕ್ಕೆಯಲ್ಲಿ ಕಲ್ಲುಗಳು ಅದಲುಬದಲಾಗದಿರಲಿ ಎಂದು ಪ್ರತಿಯೊಂದರ ಬೆನ್ನಿಗೂ ಹೋಗುವ ಊರು ಮತ್ತು ಯಾರದೆಂಬುದನ್ನು ಕೆತ್ತಿ ಕಳುಹಿಸುವುದು ನಮ್ಮ ಪದ್ಧತಿ. ನಿಮ್ಮ ಮೂರ್ತಿಯ ಬೆನ್ನ ಮೇಲೆ ಎರಡೇ ಪದ ಇವೆ: ‘ನಾರ್ನಿ. ಚೆಂಚಾ.’ ವಿಂಚೆಂಜಾ ಎಂದು ಬರೆಯಲು ಕೈ ಹೋಗಲಿಲ್ಲ. ಪಾದ್ರಿಗಳಿಗೆ ಹೇಳಬೇಡಿ. ಅದು ಕಂಬಕ್ಕೆ ಮಾತ್ರ ಗೊತ್ತಿರಲಿ.

ಕರುಣೆ ಎಂದು ನಾವಿಬ್ಬರೂ ಎಷ್ಟೋ ಹೆಂಗಸರನ್ನು ಕೆತ್ತಿದ್ದೇವೆ. ದುಂಡು ತೋಳು, ಸುತ್ತ ಮೂರು ಮಕ್ಕಳು, ಒಬ್ಬಳಿಗೂ ಕೈ ಒದ್ದೆಯಾಗಿರಲಿಲ್ಲ. ಇನ್ನು ಮುಂದೆ ಹಾಗೆ ಕೆತ್ತಲು ನನ್ನಿಂದಾಗದು. ಕನ್ನಡಿಯ ಬಟ್ಟೆಯನ್ನು ತೆಗೆದೆ. ಅಂಗಡಿಯ ಬಾಗಿಲನ್ನು ಪೂರ್ತಿ ತೆರೆದು ನನ್ನ ಹೆಸರಿನಲ್ಲೇ ನಡೆಸುವುದೆಂದು ತೀರ್ಮಾನಿಸಿದ್ದೇನೆ. ಯಾರು ಬರುತ್ತಾರೋ ನೋಡೋಣ. ನಿಮಗೆ ಹೇಗೆ ಕೃತಜ್ಞತೆ ಹೇಳಲಿ?

ಪ್ಲಾಚಿದಾ


ನಾರ್ನಿ, ಫೆಬ್ರವರಿ 3

ಅಕ್ಕ,

ನಿನ್ನೆ ಮೇಣದಬತ್ತಿ ಹರಸುವ ಹಬ್ಬದ ದಿನ ಅವಳನ್ನು ಕಂಬಕ್ಕೆ ಏರಿಸಿದರು. ಕೆಳಗೆ ಲ್ಯಾಟಿನ್ನಿನಲ್ಲಿ ‘ಕರುಣೆ’ ಎಂಬ ಒಂದೇ ಪದ. ದೋನ್ ಎವಾಂಜೆಲಿಸ್ತಾ ಪವಿತ್ರ ಜಲ ಚಿಮುಕಿಸಿ, ಕರುಣೆ ಎಂಬ ಸದ್ಗುಣದ ಬಗ್ಗೆ ಉದ್ದ ಪ್ರವಚನ ಮಾಡಿದರು, ಚೆಂಚಾಳ ಹೆಸರನ್ನು ಎಲ್ಲೂ ತರಲಿಲ್ಲ. ಕೆಳಗೆ ಇಳಿದು ಬರುವಾಗ ಮಾತ್ರ ಮೂರ್ತಿಯ ಮುಂದೆ ನಿಂತು, “ಈಗಾದ್ರೂ ಸುಮ್ನಿರ್ತೀಯೇನೆ?” ಎಂದು ಮೆಲ್ಲಗೆ ಕೇಳಿದ್ದು ನನಗೆ ಕೇಳಿಸಿತು. ಕೌಂಟ್ ಮನೆತನದವರು ತಮ್ಮ ಅಸ್ಥಿಪಂಜರವನ್ನೂ ಇವಳನ್ನೂ ಸರದಿಯಂತೆ ನೋಡಿದರು. ಇಬ್ಬರೂ ಬಾಗಿಲು ಕಾಯುತ್ತಿದ್ದಾರೆ. ಒಂದು ಎಚ್ಚರಿಸಲು, ಇನ್ನೊಂದು ಒಳಕರೆಯಲು. ಜನ ಇವಳ ಕಡೆಗೇ ಸರಿದು ನಡೆಯುತ್ತಾರೆ. ಆಗಲೇ ಯಾರೋ ಕೂಸಿನ ಕಾಲು ಸವರಿ ಮುತ್ತಿಟ್ಟಿದ್ದಾರೆ.

ನನಗೆ ಕೃತಜ್ಞತೆ ಹೇಳಬೇಡಿ. ಅದು ಇಲ್ಲಿಂದ ಅಲ್ಲಿಗೆ ಹರಿಯಬೇಕಾದದ್ದು. ಈ ಬೇಸಿಗೆಯಲ್ಲಿ ಒಮ್ಮೆ ಬನ್ನಿ, ನೀವು ಕೆತ್ತಿದವಳನ್ನು ಅವಳ ಜಾಗದಲ್ಲಿ ನೋಡಿ. ಮನೆ ದೊಡ್ಡದಿದೆ, ಅಂಜೂರ ಇದೆ, ಆರೋಪ ಹೊರಿಸಲು ನಾನಿದ್ದೇನೆ.

ಇಷ್ಟು ಬರೆದು ಮಡಚುವಷ್ಟರಲ್ಲಿ ಸಾಬತಿನಾ ಬಂದಳು. ಬೆಳಗಿನ ಪೂಜೆ ಮುಗಿಸಿ, ಬೋಟಿಯ ಬಕೆಟ್ಟನ್ನು ಹೊಸಲಾಚೆ ಇಟ್ಟು, ಒಳಗೆ ಬಾರದೆ ಬಾಗಿಲಲ್ಲೇ ನಿಂತಳು. ಕಣ್ಣು ಒರೆಸಿಕೊಳ್ಳುತ್ತಿದ್ದಳು. ಏನಾಯಿತೆಂದು ಕೇಳಿದೆ.

“ಏನಿಲ್ಲ ಕಣವ್ವ. ಚೆಂಚಾ ಹೋದ್ಮೇಲೆ ಆ ಚರ್ಚಲ್ಲಿ ನಾನು ಬಂದದ್ದು ಯಾರ್ಗೂ ಗೊತ್ತಾಗ್ತಾನೇ ಇರ್ಲಿಲ್ಲ. ಇವತ್ತು ಬಾಗ್ಲು ತಳ್ಳಿದ್ದೇ ತಡ, ‘ಬಂದ್ಯಾ’ ಅಂದಂಗಾಯ್ತು.”